ಹುಟ್ಟಿದ ವರ್ಷ 1990

ದಾವಣಗೆರೆಯ ನಿಟುವಳ್ಳಿಯಲ್ಲಿ ನನ್ನದೊಂದು ಮೊಬೈಲ್ ಅಂಗಡಿ. ರಿಪೇರಿ, ರೀಚಾರ್ಜ್, ಟೆಂಪರ್ ಗ್ಲಾಸ್ ಹಾಕೋದು, ಇಷ್ಟೇ. ಹೊಸ ಫೋನ್ ತಗೊಂಡವರಿಗೆ ಜಿಮೇಲ್ ಮಾಡಿಕೊಡೋದೂ ನಾನೇ. ಅದು ಹುಟ್ಟಿದ ದಿನ ಕೇಳುತ್ತದಲ್ಲ, ಅಲ್ಲಿ ಯಾರೇ ಬಂದರೂ 1-1-1990 ಅಂತ ಹೊಡೆದು ಮುಂದಕ್ಕೆ ಹೋಗುತ್ತಿದ್ದೆ. ಮಕ್ಕಳ ನಿಜವಾದ ವರ್ಷ ಹಾಕಿದರೆ ಅಪ್ಪ ಅಮ್ಮನ ಒಪ್ಪಿಗೆ ಕೇಳುತ್ತದೆ, ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ. ಸಂಜೆ ಗಿರಾಕಿ ಮುಂದೆ ನಿಂತಿರುವಾಗ ಯಾರಿಗೆ ಬೇಕು ಅದು?

ನನ್ನ ಮಗನಿಗೂ ಹಾಗೇ ಮಾಡಿದ್ದೆ. ಅವನಿಗಾಗ 11 ವರ್ಷ. ಗೂಗಲ್ ಲೆಕ್ಕದಲ್ಲಿ 35.

ಒಂದು ಭಾನುವಾರ ಸಂಜೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಹೋದೆ. ಹುಡುಗ ಮಿರ್ಚಿ ಮುಟ್ಟಲಿಲ್ಲ. ರಾತ್ರಿ ಅವರಮ್ಮನ ಹತ್ತಿರ ಬಾಯಿಬಿಟ್ಟ. ಗೇಮಿನ ಚಾಟ್‌ನಲ್ಲಿ ಯಾರೋ ಒಬ್ಬ 'ಬ್ರೋ' ಪರಿಚಯ ಆಗಿದ್ದನಂತೆ. ಗೇಮಿನಲ್ಲಿ ದುಡ್ಡಿನ ಹಾಗೆ ನಡೆಯೋ ಡೈಮಂಡ್ ಕೊಡ್ತೀನಿ ಅಂದ. ಮೊದಲು ಯಾವ ಕ್ಲಾಸು ಅಂತ ಕೇಳಿದ, ಆಮೇಲೆ ಫೋಟೋ. ಇವನು ಯೂನಿಫಾರ್ಮ್‌ನಲ್ಲಿ ಇರೋದನ್ನೇ ಕಳಿಸಿದ್ದಾನೆ. ಜೇಬಿನ ಮೇಲೆ ಶಾಲೆ ಹೆಸರು ಓದುವಷ್ಟು ಚೆನ್ನಾಗಿ ಕಾಣುತ್ತಿತ್ತು. ಈಗ ಆ ಬ್ರೋ ಅಂಗಿ ಇಲ್ಲದ ಫೋಟೋ ಬೇಕು ಅಂತಿದ್ದ. ಕಳಿಸದಿದ್ದರೆ ನಿನ್ನ ಶಾಲೆ ಗೊತ್ತು ಅಂತ ಹೆದರಿಸುತ್ತಿದ್ದ.

ನಾನು ಕೈ ಎತ್ತಿದ್ದು ನಿಜ. ಹೆಂಡತಿ ಮಧ್ಯೆ ಬಂದಳು. "ಹೇಳಿದ್ದಕ್ಕೇ ಹೊಡೆದ್ರೆ ಇನ್ನೊಂದ್ಸಲ ಹೇಳ್ತಾನೇನ್ರೀ?" ಅಂದಳು. ಕೈ ಇಳಿಸಿದೆ.

ಮಗ ಅಷ್ಟರಲ್ಲಿ ಚಾಟನ್ನೆಲ್ಲ ಅಳಿಸೋಕೆ ಹೊರಟಿದ್ದ. ಬೇಡ ಅಂದೆ. ಅಂಗಡಿಗೆ ಅಳುತ್ತಾ ಬರುವವರು ಮಾಡಿರೋ ಮೊದಲ ತಪ್ಪೇ ಅದು, ಸಾಕ್ಷಿ ಅಳಿಸಿರುತ್ತಾರೆ. ಒಂದೊಂದು ಮೆಸೇಜಿಗೂ ಸ್ಕ್ರೀನ್‌ಶಾಟ್ ತೆಗೆದೆ. ಆ ಬ್ರೋನ ಗೇಮ್ ಐಡಿ ನಂಬರ್, ದಿನಾಂಕ ಎಲ್ಲ ಕಾಣುವ ಹಾಗೆ. ಆಮೇಲೆ ಬ್ಲಾಕ್. ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಹೆಂಗಸರು, ಮಕ್ಕಳಿಗೆ ಬೇರೆಯೇ ವಿಭಾಗ ಇದೆ, ಅಲ್ಲಿ ದೂರು ಹಾಕಿದೆ. ಮರುದಿನ ಸೈಬರ್ ಅಪರಾಧ ನೋಡಿಕೊಳ್ಳೋ ಸಿಇಎನ್ ಪೊಲೀಸ್ ಠಾಣೆಗೂ ಹೋಗಿ ಬಂದೆ, ಕ್ಲಾಸ್ ಟೀಚರ್ ಕಿವಿಗೂ ಹಾಕಿದೆ. "ಗಂಡು ಹುಡುಗ ಅಲ್ವಾ, ಏನಾಗುತ್ತೆ ಬಿಡಿ" ಅಂದವರೂ ಇದ್ದಾರೆ. ಮಕ್ಕಳನ್ನು ಲೈಂಗಿಕ ಕಿರುಕುಳದಿಂದ ಕಾಯೋ 2012ರ ಪೋಕ್ಸೊ ಕಾಯ್ದೆಗೆ ಗಂಡು, ಹೆಣ್ಣು ಅಂತ ಭೇದ ಇಲ್ಲ. 18 ತುಂಬದವರೆಲ್ಲ ಮಕ್ಕಳೇ. ಆನ್‌ಲೈನ್ ಮೋಸದಲ್ಲಿ ದುಡ್ಡು ಹೋದರೆ 1930ಕ್ಕೆ ಫೋನ್ ಮಾಡಬೇಕು, ಮಕ್ಕಳಿಗೆ ತೊಂದರೆ ಆದರೆ 1098ಕ್ಕೆ. ಎರಡೂ ನಂಬರ್ ಈಗ ನನ್ನ ಅಂಗಡಿ ಗೋಡೆ ಮೇಲಿವೆ.

ಇನ್ನು ಫೋನಿನ ಕಥೆ. ನಮ್ಮ ಕಡೆ ಮಕ್ಕಳಿಗೆ ಅಂತ ಬೇರೆ ಫೋನ್ ಇರೋ ಮನೆ ಕಮ್ಮಿ. ಅಪ್ಪನದೋ ಅಮ್ಮನದೋ ಕೊಡೋದು. ಅದರಲ್ಲೇ ಫೋನ್‌ಪೇ, ಅದರಲ್ಲೇ ಅಪ್ಪ ರಾತ್ರಿ ನೋಡಿದ ಯೂಟ್ಯೂಬ್. ಅಪ್ಪ ಏನು ನೋಡಿದನೋ ಅಂಥದ್ದೇ ಮಗುವಿನ ಮುಂದೆ ಬಂದು ಕೂರುತ್ತದೆ. ಅದಕ್ಕೆ ಅಂಗಡಿಯಲ್ಲಿ ಬಿದ್ದಿದ್ದ ಹಳೇ ಫೋನಿಗೆ ಡಿಸ್‌ಪ್ಲೇ ಬದಲಿಸಿ, ಪೂರ್ತಿ ರಿಸೆಟ್ ಮಾಡಿ ಅವನಿಗೆ ಕೊಟ್ಟೆ. ಸಿಮ್ ಇಲ್ಲ, ಮನೆ ವೈಫೈ ಮಾತ್ರ.

ಹೊಸ ಜಿಮೇಲ್ ಮಾಡಿದೆ, ಈ ಸಲ ನಿಜವಾದ ಹುಟ್ಟಿದ ವರ್ಷ ಹಾಕಿ. 13ರ ಒಳಗಿನ ವರ್ಷ ಹಾಕಿದ ತಕ್ಷಣ ಅದು ನನ್ನ ಅಕೌಂಟ್ ಕೇಳಿತು, ಮಕ್ಕಳ ಫೋನ್ ಮೇಲೆ ಅಪ್ಪ ಅಮ್ಮ ಕಣ್ಣಿಡೋಕೆ ಇರೋ ಗೂಗಲ್‌ನ ಫ್ಯಾಮಿಲಿ ಲಿಂಕ್ ಜೋಡಿಸಿತು. ಈಗ ಅವನು ಯಾವ ಆ್ಯಪ್ ಹಾಕಬೇಕಾದರೂ ನನ್ನ ಫೋನಿಗೆ ಟಣ್ ಅನ್ನುತ್ತದೆ. ರಾತ್ರಿ ಒಂಬತ್ತಕ್ಕೆ ಫೋನ್ ತಾನೇ ಲಾಕ್ ಆಗುತ್ತದೆ. ಗೂಗಲ್‌ನಲ್ಲಿ ಹುಡುಕಿದಾಗ ಅಶ್ಲೀಲ ಬರದ ಹಾಗೆ ತಡೆಯೋ ಸೇಫ್‌ಸರ್ಚ್ ನಾನು ಹಾಕಲೇ ಇಲ್ಲ, ತಾನೇ ಆನ್ ಆಗಿತ್ತು. ಇದೆಲ್ಲ ಮೊದಲೇ ಸಿಗುತ್ತಿತ್ತು. 1990 ಅಂತ ಹೊಡೆದು ನಾನೇ ಬಾಗಿಲು ತೆಗೆದಿಟ್ಟಿದ್ದೆ.

ಹಳೇ ಅಕೌಂಟ್ ಜೊತೆ ಗೇಮಿನ ಲೆವೆಲ್‌ಗಳೂ ಹೋದವು. ಅದಕ್ಕೆ ಎರಡು ದಿನ ಅತ್ತ. ಬ್ರೋ ಹೆದರಿಸಿದ್ದಕ್ಕಿಂತ ಜೋರಾಗಿ ಅತ್ತ ಅಂತ ನನಗೆ ಅನ್ನಿಸಿತು.

ಹೆಂಡತಿಯ ವಾಟ್ಸಾಪ್‌ನಲ್ಲಿ ಶಾಲೆ ಗ್ರೂಪ್‌ಗಳಿವೆ, ಅದನ್ನು ಅವನೂ ನೋಡುತ್ತಾನೆ. ಅಲ್ಲಿ ಗ್ರೂಪಿಗೆ ಯಾರು ಸೇರಿಸಬಹುದು ಅನ್ನೋ ಕಡೆ 'ಮೈ ಕಾಂಟ್ಯಾಕ್ಟ್ಸ್' ಮಾಡಿದೆ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿದೆ.

ಬೇಸಿಗೆ ರಜೆಗೆ ಜಗಳೂರಿನ ಅಜ್ಜಿ ಮನೆಗೆ ಹೋದ ನೋಡಿ, ಇದೆಲ್ಲ ನೀರಲ್ಲಿ ಹೋಮ. ಅವನ ಸೋದರಮಾವನ ಫೋನಿಗೆ ಲಾಕ್ ಕೂಡ ಇಲ್ಲ. ಭಾವಮೈದನಿಗೆ ಹೇಳಿದರೆ "ಸುಮ್ನೆ ಇರ್ರಿ ಭಾವ, ಮಕ್ಳು ಆಡ್ಕೊಳ್ಲಿ" ಅಂತಾನೆ. ಮಗನಿಗೇ ಒಂದು ಮಾತು ಹೇಳಿ ಕಳಿಸಿದ್ದೆ, ಯಾರಾದರೂ ಫೋಟೋ ಕೇಳಿದರೆ ಅದೇ ಫೋನಿನಿಂದ ನನಗೆ ಕಾಲ್ ಮಾಡು, ನಾನು ಬಯ್ಯಲ್ಲ ಅಂತ. ಒಂದು ಸಲ ಮಾಡಿದ. ಆ ಕಡೆ ಇದ್ದದ್ದು ಅವನ ಕ್ಲಾಸ್‌ಮೇಟೇ. ಬಯ್ಯಲಿಲ್ಲ.

ಅಂಗಡಿಯಲ್ಲಿ ಈಗ ಮಕ್ಕಳ ಫೋನ್ ಬಂದರೆ ಕೇಳುತ್ತೇನೆ, "ಅಕ್ಕಾ, ಹುಡುಗಿ ಹುಟ್ಟಿದ್ದು ಯಾವ ವರ್ಷ?" ಕೆಲವರು ಕೂತು ಕಾಯುತ್ತಾರೆ. ಮೊನ್ನೆ ಒಬ್ಬರು "ಯಾವುದಾದ್ರೂ ಹಾಕಿ ಕೊಡಿ, ಬಸ್ಸಿಗೆ ಹೊತ್ತಾಯ್ತು" ಅಂದರು. ಆಗಲ್ಲ ಅಂದೆ. ಫೋನ್ ಎತ್ತಿಕೊಂಡು ಪಕ್ಕದ ಅಂಗಡಿಗೆ ಹೋದರು. ಅಲ್ಲಿ ಎರಡೇ ನಿಮಿಷದ ಕೆಲಸ.