ಕಾಡಂಚಿನ ಯುವಕ ಯುವತಿಯರನ್ನು ಸಂರಕ್ಷಣೆಯ ಕೆಲಸಕ್ಕೆ ಕರೆತರುವುದು ಹೇಗೆ?

ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಸುತ್ತ ಕೆಲಸ ಮಾಡುವ ಪರಿಸರ ಸಂಸ್ಥೆಗಳ ಸಂಬಳದ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಓದಿದರೆ ಸಾಮಾನ್ಯವಾಗಿ ಒಂದೇ ಚಿತ್ರ ಸಿಗುತ್ತದೆ. ಜಾಡು ಹಿಡಿಯುವವರು, ಜೀಪ್ ಓಡಿಸುವವರು, ಕ್ಯಾಂಪಿನಲ್ಲಿ ಅಡುಗೆ ಮಾಡುವವರು ಸುತ್ತಲಿನ ಹಳ್ಳಿಗಳವರು, ಹಾಡಿ, ಪೋಡು ಎಂದು ಕರೆಯುವ ಬುಡಕಟ್ಟು ಜನವಸತಿಗಳವರು. ಅವರ ಮೇಲಿನವರು ಬೆಂಗಳೂರು, ಮೈಸೂರಿನಿಂದ ಬಂದವರು. ಕೇಳಿದರೆ ‘ಇಲ್ಲಿನವರು ಅರ್ಜಿಯೇ ಹಾಕಲ್ಲ’ ಎಂಬ ಉತ್ತರ. ಎಷ್ಟೋ ಸಲ ಅವರು ಅರ್ಜಿ ಹಾಕದಂತೆ ಮಾಡಿರುವುದು ಸಂಸ್ಥೆಯ ಜಾಹೀರಾತೇ.

ಆದ್ದರಿಂದ ಜಾಗೃತಿ ಶಿಬಿರ, ಪೋಸ್ಟರು, ರೀಲ್ಸ್‌ಗಳಿಗೆ ಕೈ ಹಾಕುವ ಮುನ್ನ ಹುದ್ದೆಯನ್ನು ರಿಪೇರಿ ಮಾಡಿ. ಶಿಬಿರಕ್ಕೆ ಬಂದ ಮಕ್ಕಳಲ್ಲಿ ಆಸೆ ಹುಟ್ಟಿಸಿ, ಕೊನೆಗೆ ಕೊಡಲು ಸಂಬಳದ ಒಂದು ಕೆಲಸವೂ ಇಲ್ಲದಿದ್ದರೆ ಮುಂದಿನ ವರ್ಷ ಆ ಹಾಡಿಗೆ ಮತ್ತೆ ಕಾಲಿಡುವುದು ಕಷ್ಟ.

ಜಾಹೀರಾತಿನಿಂದ ಶುರು ಮಾಡಿ

ಕಳೆದ ಮೂರು ನೇಮಕಾತಿಗಳ ಕಡತ ತೆಗೆಯಿರಿ. ಎಷ್ಟು ಜನ ವಿಚಾರಿಸಿದರು, ಎಷ್ಟು ಜನ ಅರ್ಜಿ ಹಾಕಿದರು, ಸಂದರ್ಶನಕ್ಕೆ ಬಂದವರೆಷ್ಟು, ಸೇರಿದವರೆಷ್ಟು, ವರ್ಷ ಪೂರೈಸಿದವರೆಷ್ಟು? ತಾಲ್ಲೂಕಿನವರು ಈ ಐದು ಮೆಟ್ಟಿಲಲ್ಲಿ ಎಲ್ಲಿ ಉದುರಿಹೋಗುತ್ತಿದ್ದಾರೆ ಎಂಬುದು ಗೊತ್ತಾಗದೆ ಯಾವ ಮದ್ದೂ ನಾಟುವುದಿಲ್ಲ. ವಿಚಾರಿಸಿದವರೇ ಇಲ್ಲದಿದ್ದರೆ ಸುದ್ದಿ ತಲುಪಿಲ್ಲ. ವಿಚಾರಿಸಿ ಅರ್ಜಿ ಹಾಕದಿದ್ದರೆ ಅರ್ಹತೆಯ ಪಟ್ಟಿ ಹೆದರಿಸಿದೆ. ಸೇರಿ ನಾಲ್ಕೇ ತಿಂಗಳಲ್ಲಿ ಬಿಟ್ಟಿದ್ದರೆ ತೊಂದರೆ ನಿಮ್ಮ ಕ್ಯಾಂಪಿನೊಳಗಿದೆ.

ಸಾಮಾನ್ಯವಾಗಿ ಕಾಣುವ ಜಾಹೀರಾತು ಕೇಳುವುದಿಷ್ಟು: ವನ್ಯಜೀವಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ, ಇಂಗ್ಲಿಷ್‌ನಲ್ಲಿ ವರದಿ ಬರೆಯುವ ಸಾಮರ್ಥ್ಯ, ಸ್ವಂತ ಬೈಕು, ಜೊತೆಗೆ ಮೊದಲ ಮೂರು ತಿಂಗಳು ಸಂಬಳವಿಲ್ಲ. ಈಗ ಕೆಲಸ ನೋಡಿ. ಪ್ರಾಣಿ ಹಾದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಕಟ್ಟುವವರಿಗೆ ಪ್ರಾಣಿ ಓಡಾಡುವ ದಾರಿ ಗೊತ್ತಿರಬೇಕು. ಹುಲಿ ಗಣತಿಯಲ್ಲಾದರೆ ದಾರಿಯ ಎರಡೂ ಬದಿಗೆ, ಸುಮಾರು ಮೊಣಕಾಲೆತ್ತರದಲ್ಲಿ ಜೋಡಿ ಕ್ಯಾಮೆರಾ ಕಟ್ಟಬೇಕು. ಎಡಬಲ ಎರಡೂ ಮೈಯ ಪಟ್ಟೆ ಸಿಕ್ಕರೆ ಮಾತ್ರ ಹುಲಿಯನ್ನು ಸರಿಯಾಗಿ ಗುರುತಿಸಲು ಸಾಧ್ಯ. ಒಂದರ ಫ್ಲಾಶ್ ಇನ್ನೊಂದರ ಕಣ್ಣಿಗೆ ಹೊಡೆಯದಂತೆ ತುಸು ಓರೆ ಮಾಡಬೇಕು, ಮುಂದಿನ ಹುಲ್ಲು ಸವರಬೇಕು, ತಾರೀಖು ಮತ್ತು ಸಮಯ ಸರಿಯಿದೆಯೇ ನೋಡಬೇಕು, ಮೆಮೊರಿ ಕಾರ್ಡಿನ ಮೇಲೆ ಜಾಗದ ನಂಬರು ಬರೆಯಬೇಕು. ಇದನ್ನು ಎಸ್ಸೆಸ್ಸೆಲ್ಸಿ ಫೇಲಾದ ಹುಡುಗಿಯೂ ಕೆಲವು ವಾರಗಳಲ್ಲಿ ಕಲಿಯಬಲ್ಲಳು. ಕಡವೆಯ ಹಿಕ್ಕೆ ಯಾವುದು, ಕಾಡುಕುರಿಯ ಹಿಕ್ಕೆ ಯಾವುದು, ಆನೆ ಲದ್ದಿ ಇವತ್ತಿನದೋ ನಿನ್ನೆಯದೋ ಎಂಬುದನ್ನು ಪದವೀಧರ ಕಲಿಯಲು ಅದಕ್ಕಿಂತ ಹೆಚ್ಚು ಕಾಲ ಬೇಕು.

ಹಾಗಾಗಿ ಪ್ರತಿ ಅರ್ಹತೆಯ ಎದುರು ಒಂದೇ ಪ್ರಶ್ನೆ ಹಾಕಿ: ಇದಿಲ್ಲದಿದ್ದರೆ ಮೊದಲ ವಾರ ಯಾವ ಕೆಲಸ ನಿಲ್ಲುತ್ತದೆ? ಯಾವುದೂ ನಿಲ್ಲದಿದ್ದರೆ ಹೊಡೆದುಹಾಕಿ. ಮೂರು ತಿಂಗಳಲ್ಲಿ ಕಲಿಸಬಹುದಾದ್ದನ್ನು ತರಬೇತಿಗೆ ಸೇರಿಸಿ. ಬೈಕು ಬೇಕೇ ಬೇಕಾದರೆ ಸಂಸ್ಥೆಯೇ ಕೊಡಿಸಲಿ. ‘ಸ್ವಂತ ಬೈಕು’ ಎಂಬ ಒಂದೇ ಮಾತು ಬಹುಪಾಲು ಹುಡುಗಿಯರನ್ನು ಹೊರಗಿಡುತ್ತದೆ.

ಹೊಸ ಜಾಹೀರಾತು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಒಂದೇ ಪುಟ ಇರಲಿ. ಏನು ಕೆಲಸ, ಯಾವ ಊರಿನಲ್ಲಿ, ತಿಂಗಳಿಗೆ ಎಷ್ಟು ರೂಪಾಯಿ, ಯಾವ ತಾರೀಖಿಗೆ ಕೈಗೆ ಬರುತ್ತದೆ, ವಾರದ ರಜೆ, ಊಟ ಮತ್ತು ವಸತಿ ಯಾರದು, ಕೊನೆಯ ದಿನ ಯಾವುದು, ಎರಡು ಫೋನ್ ನಂಬರು (ಒಂದು ಮಹಿಳಾ ಸಿಬ್ಬಂದಿಯದು). ‘ಸಂಬಳ ಅರ್ಹತೆಗೆ ತಕ್ಕಂತೆ’ ಎಂದು ಬರೆದರೆ ಬಡವರು ಅದನ್ನು ‘ಕಡಿಮೆ’ ಎಂದೇ ಓದುತ್ತಾರೆ, ಅದರಲ್ಲಿ ತಪ್ಪೂ ಇಲ್ಲ. ಅರ್ಜಿ ಫಾರಂ ಬೇಡ. ‘ಮಿಸ್ಡ್ ಕಾಲ್ ಕೊಡಿ, ನಾವೇ ಫೋನ್ ಮಾಡುತ್ತೇವೆ’ ಎಂದಿರಲಿ, ಮತ್ತು ಎರಡು ದಿನದೊಳಗೆ ನಿಜವಾಗಿಯೂ ಮಾಡಿ.

ದಾಖಲೆ ಕೇಳುವುದು ಆಯ್ಕೆಯಾದ ಮೇಲೆ. ಆಧಾರ್‌ನಲ್ಲಿ ‘ಮಾದ’, ಅಂಕಪಟ್ಟಿಯಲ್ಲಿ ‘ಮಾದೇಗೌಡ’, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಎಂಬಂಥ ವ್ಯತ್ಯಾಸ ಮಾಮೂಲಿ. ಖಾತೆ ಬಳಕೆಯಿಲ್ಲದೆ ನಿಂತುಹೋಗಿರುವುದೂ ಉಂಟು. ನಾಡಕಚೇರಿ, ಬ್ಯಾಂಕು ಸುತ್ತಲು ಸಂಸ್ಥೆಯ ಒಬ್ಬರು ಜೊತೆಗೆ ಹೋಗಲಿ, ಆ ದಿನಗಳನ್ನೂ ಕೆಲಸದ ದಿನವೆಂದೇ ಲೆಕ್ಕ ಹಾಕಿ. ಇಲ್ಲದಿದ್ದರೆ ಮೊದಲ ಸಂಬಳ ತಡವಾಗಿ, ಬಂದವರು ಕಾಫಿ ತೋಟದ ಕೂಲಿಗೆ ವಾಪಸ್ ಹೋಗುತ್ತಾರೆ.

ದುಡ್ಡಿನ ಮಾತು

ಸಂಬಳವಿಲ್ಲದ ಇಂಟರ್ನ್‌ಶಿಪ್ ಒಂದು ಜರಡಿ. ಮೂರು ತಿಂಗಳು ಮನೆಯವರು ಸಾಕಬಲ್ಲವರು ಮಾತ್ರ ಅದರಲ್ಲಿ ಮೇಲೆ ಉಳಿಯುತ್ತಾರೆ. ಎಷ್ಟು ಕೊಡಬೇಕೆಂದು ತೀರ್ಮಾನಿಸಲು ಆ ಸೀಮೆಯ ಕಾಫಿ ತೋಟ ಅಥವಾ ಶುಂಠಿ ಹೊಲದ ದಿನಗೂಲಿ ವಿಚಾರಿಸಿ ತಿಂಗಳ 26 ಕೆಲಸದ ದಿನಗಳಿಂದ ಗುಣಿಸಿ, ಅದನ್ನು ಸರ್ಕಾರದ ಕನಿಷ್ಠ ವೇತನದ ಜೊತೆ ಹೋಲಿಸಿ. ಎರಡರಲ್ಲಿ ದೊಡ್ಡದು ನಿಮ್ಮ ಆರಂಭದ ಮೊತ್ತ. ಮೊದಲ ತಿಂಗಳು ವಾರಕ್ಕೊಮ್ಮೆ ಕೊಡಿ. ವಾರದ ಸಂತೆಯಿಂದ ಸಂತೆಗೆ ನಡೆಯುವ ಮನೆಗೆ ತಿಂಗಳ ಕೊನೆ ಬಹಳ ದೂರ. ಬೂಟು, ಮಳೆಕೋಟು, ಟಾರ್ಚು, ಡೇಟಾ ಪ್ಯಾಕ್ ಸಂಸ್ಥೆಯ ಖರ್ಚು, ಸಂಬಳದಿಂದ ಮುರಿಯುವ ಬಾಬತ್ತಲ್ಲ.

ಇದನ್ನೆಲ್ಲ ದಾನಿಗಳ ಪ್ರಸ್ತಾವನೆಯಲ್ಲೇ ಬರೆಯಬೇಕು. ಹಣ ಬಂದ ಮೇಲೆ ‘ಇತರೆ’ ಬಾಬತ್ತಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಯಾವಾಗ ಹೋಗಬೇಕು?

ಜೂನ್ 5ರ ಪರಿಸರ ದಿನಕ್ಕಂತೂ ಬೇಡ. ಅವತ್ತು ಶಾಲೆಯ ಅಂಗಳದಲ್ಲಿ ಸಸಿಗಿಂತ ಬ್ಯಾನರುಗಳೇ ಹೆಚ್ಚು.

ಜನ ಊರಲ್ಲಿರುವ ಕಾಲ ಬೇರೆಯೇ ಇದೆ. ಕಾಫಿ ಕೊಯ್ಲಿನ ಡಿಸೆಂಬರ್‌–ಫೆಬ್ರವರಿಯಲ್ಲಿ ಹಾಡಿಗಳ ಯುವಕರು ಕೊಡಗಿನ ತೋಟಗಳಲ್ಲಿರುತ್ತಾರೆ. ಬೇಸಿಗೆಯ ಕೊನೆಗೆ ಜೇನಿನ ಕೆಲಸ. ಜನವರಿಯ ಚಿಕ್ಕಲ್ಲೂರು ಜಾತ್ರೆ, ಮಹದೇಶ್ವರ ಬೆಟ್ಟದ ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗಳ ದಿನ ಆಯ್ಕೆ ಇಟ್ಟರೆ ಬರುವವರು ಪೇಟೆಯವರು ಮಾತ್ರ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದು, ಮುಂದೇನು ಎಂದು ಮನೆಯಲ್ಲಿ ಮಾತು ನಡೆಯುವ ವಾರಗಳೇ ಸರಿಯಾದ ಹೊತ್ತು. ಫೇಲಾದವರನ್ನು ಆಗ ಯಾರೂ ಮಾತಾಡಿಸುವುದಿಲ್ಲ, ನೀವು ಮಾತಾಡಿಸಿ.

ಕಾಲೇಜು ವಿದ್ಯಾರ್ಥಿಗಳಿಗೆ ಎನ್‌ಎಸ್‌ಎಸ್ ಒಳ್ಳೆಯ ಬಾಗಿಲು. ಸ್ವಯಂಸೇವಕರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಪೂರೈಸಬೇಕು, ಜೊತೆಗೆ 7 ದಿನದ ವಿಶೇಷ ಶಿಬಿರ. ಕಾರ್ಯಕ್ರಮಾಧಿಕಾರಿಯ ಜೊತೆ ಮೊದಲೇ ಮಾತಾಡಿ, ಲಂಟಾನ ಕಳೆ ಕೀಳುವುದು, ಕೆರೆಯ ಹಕ್ಕಿ ಎಣಿಕೆಯಂಥ ಕೆಲಸವನ್ನು ಆ ಗಂಟೆಗಳಿಗೆ ಲೆಕ್ಕಕ್ಕೆ ಬರುವಂತೆ ಹೊಂದಿಸಿ. ಬರೀ ಭಾಷಣಕ್ಕೆ ಕರೆದರೆ ಹಾಜರಿ ಹಾಕಿ ಹೋಗುತ್ತಾರೆ.

ಹಾಡಿಗೆ ಹೋದಾಗ

ಮೊದಲು ಎದುರಾಗುವ ಪ್ರಶ್ನೆ: ‘ನೀವು ಫಾರೆಸ್ಟಿನವರಾ?’ ಇದಕ್ಕೆ ನೇರ ಉತ್ತರ ತಯಾರಿಟ್ಟುಕೊಳ್ಳದೆ ಹೋಗಬೇಡಿ. ನಾಗರಹೊಳೆಯ ಒಳಗಿನ ಹಾಡಿಗಳು ನಾಗಾಪುರ, ಶೆಟ್ಟಿಹಳ್ಳಿಗಳಿಗೆ ಸ್ಥಳಾಂತರವಾದ ನೆನಪು ಮನೆಮನೆಯಲ್ಲಿದೆ. ‘ಸಂರಕ್ಷಣೆ’ ಅಂದರೆ ಎಬ್ಬಿಸುವುದು ಎಂದೇ ಎಷ್ಟೋ ಜನ ಕೇಳಿಸಿಕೊಳ್ಳುತ್ತಾರೆ. ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟದಲ್ಲೇ ಅಲ್ಲಿನ ಬುಡಕಟ್ಟಾದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ. ಅರಣ್ಯ ಹಕ್ಕು ಕಾಯ್ದೆಯ ಬಗ್ಗೆ ನಿಮ್ಮ ಸಂಸ್ಥೆಯ ನಿಲುವೇನು, ನೀವು ಸಂಗ್ರಹಿಸುವ ಮಾಹಿತಿ ಯಾರ ಕೈಗೆ ಹೋಗುತ್ತದೆ, ಇಲಾಖೆಯ ಜೊತೆಗಿನ ಒಪ್ಪಂದದಲ್ಲಿ ಏನಿದೆ ಎಂಬುದನ್ನು ಹೋಗುವ ಸಿಬ್ಬಂದಿಯೆಲ್ಲ ಒಂದೇ ಬಾಯಿಂದ ಹೇಳುವಂತಿರಬೇಕು. ಈ ಉತ್ತರ ಹದಗೆಟ್ಟಲ್ಲಿ ಉಳಿದ ಯಾವ ತಯಾರಿಯೂ ಕೆಲಸಕ್ಕೆ ಬಾರದು.

ಹಾಡಿಯ ಯಜಮಾನರನ್ನು ಕಂಡು ಮಾತಾಡುವುದು ಸರಿಯಾದ ಕ್ರಮ, ಆದರೆ ಅಲ್ಲಿಗೇ ನಿಲ್ಲಬೇಡಿ. ಸುದ್ದಿ ಅವರ ನೆಂಟರ ಮನೆಗಳಲ್ಲೇ ಸುತ್ತಬಹುದು. ಸ್ತ್ರೀಶಕ್ತಿ ಗುಂಪು, ಆಶ್ರಮ ಶಾಲೆಯ ಮೇಷ್ಟ್ರು, ಅಂಗನವಾಡಿ ಟೀಚರ್, ಬುಡಕಟ್ಟು ಜನರ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೂ ತಲುಪಿಸಿ. ಜಾಹೀರಾತು ಅಂಟಿಸಲು ರೇಷನ್ ಕೊಡುವ ದಿನದ ನ್ಯಾಯಬೆಲೆ ಅಂಗಡಿಗಿಂತ ಒಳ್ಳೆಯ ಗೋಡೆ ಇಲ್ಲ. ವಾಟ್ಸಾಪಿಗೆ ಪಿಡಿಎಫ್ ಬೇಡ, ಒಂದು ನಿಮಿಷದ ಧ್ವನಿ ಸಂದೇಶ ಸಾಕು. ಅದೇ ಸಮುದಾಯದವರು ತಮ್ಮ ಮಾತಿನಲ್ಲಿ ಹೇಳಿದ್ದಾದರೆ ಇನ್ನೂ ಒಳ್ಳೆಯದು.

ಮಕ್ಕಳನ್ನು ಕಾಡಂಚಿಗೆ ಕರೆದೊಯ್ಯುವುದಾದರೆ ಒಂದು ತಂಡಕ್ಕೆ 20 ಜನ ಮೀರಬೇಡಿ, ಹತ್ತು ಮಕ್ಕಳಿಗೆ ಒಬ್ಬರಾದರೂ ದೊಡ್ಡವರಿರಲಿ. 8×42 ದುರ್ಬೀನು ಮೂವರಿಗೆ ಒಂದರಂತೆ. ಹಕ್ಕಿ, ಮರಗಳ ಹೆಸರನ್ನು ಮೊದಲು ಮಕ್ಕಳೇ ಹೇಳಲಿ. ಪುಸ್ತಕದ ಹೆಸರು ಆಮೇಲೆ. ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಮಗುವಿನ ಫೋಟೊವೂ ಸಂಸ್ಥೆಯ ಪುಟಕ್ಕೆ ಹೋಗಬಾರದು, ಯಾವ ಸಿಬ್ಬಂದಿಯೂ ಮಗುವಿನ ಜೊತೆ ಒಂಟಿಯಾಗಿರಬಾರದು. ರಕ್ಷಿತಾರಣ್ಯದ ಒಳಗಾದರೆ ಇಲಾಖೆಯ ಅನುಮತಿ ಪತ್ರ ಕೈಯಲ್ಲಿರಬೇಕು.

ಆಯ್ಕೆ

ಮೇಜಿನಾಚೆ ಕೂತು ‘ನಿಮ್ಮ ಬಗ್ಗೆ ಹೇಳಿ’ ಎಂದರೆ ಇಂಗ್ಲಿಷ್ ಶಾಲೆಯವರು ಗೆಲ್ಲುತ್ತಾರೆ. ಅದರ ಬದಲು ಅರ್ಧ ದಿನದ ಕೆಲಸವನ್ನೇ ಪರೀಕ್ಷೆ ಮಾಡಿ, ಅದಕ್ಕೆ ಪೂರ್ತಿ ದಿನದ ಕೂಲಿ ಮತ್ತು ಬಸ್ ಚಾರ್ಜು ಕೊಡಿ. 2 ಕಿಲೋಮೀಟರ್ ದಾರಿಯಲ್ಲಿ ನಡೆಸಿ, ಕಂಡ ಗುರುತುಗಳನ್ನು ಹೇಳಿಸಿ. ಫೋನಿನಲ್ಲಿ ಜಿಪಿಎಸ್ ಓದುವುದನ್ನು ಹತ್ತು ನಿಮಿಷ ಕಲಿಸಿ, ಆಮೇಲೆ ಅವರೇ ಐದು ಜಾಗ ದಾಖಲಿಸಲಿ. ಕನ್ನಡದ ಫಾರಂ ಒಂದನ್ನು ತುಂಬಲಿ. ಇಲ್ಲಿ ಮುಖ್ಯವಾಗಿ ನೋಡಬೇಕಾದ್ದು ‘ಗೊತ್ತಿಲ್ಲ’ ಎಂದು ಬರೆಯುತ್ತಾರೋ, ಊಹಿಸಿ ತುಂಬುತ್ತಾರೋ ಎಂಬುದು. ಊಹೆಯ ಅಂಕಿ ಸಮೀಕ್ಷೆಯನ್ನೇ ಕೆಡಿಸುತ್ತದೆ. ಅಂಕ ಕೊಡುವ ಮೂವರಲ್ಲಿ ಒಬ್ಬರು ಸ್ಥಳೀಯರು, ಒಬ್ಬರಾದರೂ ಮಹಿಳೆ ಇರಲಿ. ಅಂಕಗಳನ್ನು ಮೊದಲು ಬೇರೆ ಬೇರೆ ಬರೆದು ಆಮೇಲೆ ಚರ್ಚಿಸಿ. ಆಯ್ಕೆಯಾಗದವರಿಗೂ ಫೋನ್ ಮಾಡಿ ಕಾರಣ ಹೇಳಿ. ಮುಂದಿನ ಸಲದ ಅರ್ಜಿಗಳು ಬರುವುದು ಇವರಿಂದಲೇ.

ಹುಡುಗಿಯರು ಉಳಿಯಬೇಕಾದರೆ

ಒಬ್ಬಳನ್ನೇ ತೆಗೆದುಕೊಳ್ಳಬೇಡಿ, ಇಬ್ಬರನ್ನಾದರೂ ಒಟ್ಟಿಗೆ ತೆಗೆದುಕೊಳ್ಳಿ. ಕ್ಯಾಂಪಿನಲ್ಲಿ ಒಳಗಿನಿಂದ ಚಿಲಕ ಹಾಕುವ ಕೋಣೆ, ನೀರಿರುವ ಶೌಚಾಲಯ, ಪ್ಯಾಡ್ ವಿಲೇವಾರಿಗೆ ವ್ಯವಸ್ಥೆ ಮೊದಲ ದಿನಕ್ಕೆ ಮೊದಲೇ ಆಗಿರಬೇಕು. ಮನೆಯವರನ್ನು ಒಂದು ದಿನ ಕ್ಯಾಂಪಿಗೆ ಕರೆಸಿ ಊಟ ಹಾಕಿ, ಜಾಗ ತೋರಿಸಿ. ಹತ್ತು ಸಲ ಫೋನಿನಲ್ಲಿ ಒಪ್ಪಿಸುವುದಕ್ಕಿಂತ ಇದು ಮೇಲು. ಶಕ್ತಿ ಯೋಜನೆ 2023ರಲ್ಲಿ ಬಂದ ಮೇಲೆ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ ಉಚಿತ, ಆದರೆ ಬೆಟ್ಟದ ಕೊನೆಯ ಕೆಲವು ಕಿಲೋಮೀಟರಿಗೆ ಬಸ್ಸೇ ಇರುವುದಿಲ್ಲ. ಅಲ್ಲಿಗೆ ಜೀಪು ನಿಮ್ಮದು. ಹತ್ತು ಅಥವಾ ಹೆಚ್ಚು ಸಿಬ್ಬಂದಿಯಿದ್ದರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಆಂತರಿಕ ಸಮಿತಿ ಕಡ್ಡಾಯ: ಮಹಿಳೆಯೇ ಅಧ್ಯಕ್ಷೆ, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಹೊರಗಿನವರು ಒಬ್ಬರು. ಸಮಿತಿ ಕಾಗದದ ಮೇಲಿದ್ದರೆ ಸಾಲದು. ಅವರ ಹೆಸರು, ನಂಬರು ಕನ್ನಡದಲ್ಲಿ ಕ್ಯಾಂಪಿನ ಗೋಡೆಯ ಮೇಲಿರಲಿ.

ಜಾತಿ ಕಾಣಿಸಿಕೊಳ್ಳುವುದು ಅಡುಗೆಮನೆಯಲ್ಲಿ. ಯಾರು ಬೇಯಿಸುತ್ತಾರೆ, ಯಾರು ಒಳಗೆ ಕೂತು ಉಣ್ಣುತ್ತಾರೆ, ಮಾಂಸದ ಅಡುಗೆಗೆ ಯಾಕೆ ತಡೆ ಎಂಬುದನ್ನು ಗಮನಿಸಿ. ಪಾತ್ರೆ ತೊಳೆಯುವ ಪಾಳಿ ಮೇಲಧಿಕಾರಿಯಿಂದ ಹಿಡಿದು ಎಲ್ಲರಿಗೂ ಒಂದೇ ಇರಲಿ.

ಸುರಕ್ಷತೆಯಲ್ಲಿ ‘ಸ್ಥಳೀಯರಿಗೆ ಅಭ್ಯಾಸವಾಗಿದೆ’ ಎಂಬ ಸಬೂಬು ಸಲ್ಲದು. ಆನೆ ಓಡಾಡುವಲ್ಲಿ ಕತ್ತಲಲ್ಲಿ ಒಬ್ಬರನ್ನೇ ನಡೆಸಬೇಡಿ. ಶಿವಮೊಗ್ಗ, ಉತ್ತರ ಕನ್ನಡದ ಕಡೆಯಾದರೆ ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆ ಹರಡುವ ಉಣ್ಣೆಯ ಕಾಲ; ಉದ್ದ ಬಟ್ಟೆ, ಉಣ್ಣೆ ಕಚ್ಚದಂತೆ ಮೈಗೆ ಹಚ್ಚುವ ಡೆಪಾ ತೈಲ, ಬಂದ ಕೂಡಲೇ ಬಿಸಿನೀರ ಸ್ನಾನ ಬೇಕು. ಹಾವಿನ ವಿಷಕ್ಕೆ ಔಷಧ ಯಾವ ಆಸ್ಪತ್ರೆಯಲ್ಲಿದೆ ಎಂದು ಮೊದಲೇ ವಿಚಾರಿಸಿ ಬರೆದಿಡಿ. ಅಪಘಾತ ವಿಮೆ ತಾತ್ಕಾಲಿಕ ಸಿಬ್ಬಂದಿಗೂ ಇರಲಿ.

ಲೆಕ್ಕ ಇಡುವ ಬಗೆ

‘ನಮ್ಮಲ್ಲಿ ಇಷ್ಟು ಮಂದಿ ಎಸ್‌ಟಿ’ ಎಂಬ ಒಂದೇ ಕಾಲಂ ಮೋಸ ಮಾಡುತ್ತದೆ. ಕರ್ನಾಟಕದ ಪರಿಶಿಷ್ಟ ಪಂಗಡಗಳಲ್ಲಿ ನಾಯಕ ಸಮುದಾಯವೇ ಅತಿ ದೊಡ್ಡದು. ಆ ಕಾಲಂ ತುಂಬಿದ್ದರೂ ಒಬ್ಬ ಜೇನುಕುರುಬರೂ ಇಲ್ಲದಿರಬಹುದು. ಜೇನುಕುರುಬ ಮತ್ತು ಕೊರಗ ವಿಶೇಷ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿವೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದೇ 2003ರಲ್ಲಿ. ಹೇಳಲು ಇಷ್ಟಪಡುವವರಿಂದ ಸಮುದಾಯದ ಹೆಸರನ್ನೇ ಬರೆಸಿಕೊಳ್ಳಿ. ಅದರ ಪಕ್ಕದಲ್ಲೇ ಹುದ್ದೆಯ ಮಟ್ಟ, ಸಂಬಳ, ಸೇರಿದ ತಿಂಗಳು ಇರಲಿ. ಎರಡು ವರ್ಷವಾದರೂ ಎಲ್ಲರೂ ‘ಸಹಾಯಕ’ರಾಗಿಯೇ ಉಳಿದಿದ್ದರೆ ಬಡ್ತಿಯ ದಾರಿ ಮುಚ್ಚಿದೆ ಎಂದರ್ಥ. ಆಗ ಡೇಟಾ ನಮೂದು, ನಕ್ಷೆ ಬಿಡಿಸುವುದು, ತಂಡ ನಡೆಸುವುದನ್ನು ವಾರಕ್ಕೆ ಒಂದು ದಿನ ಸಂಬಳದ ಸಮಯದಲ್ಲೇ ಕಲಿಸಿ. ವರದಿಯಲ್ಲಿ ಅವರ ಹೆಸರು ಕೃತಜ್ಞತೆಯ ಪುಟದಿಂದ ಲೇಖಕರ ಸಾಲಿಗೆ ಬರುವಷ್ಟು ಕೆಲಸ ಮಾಡಿದ್ದರೆ ಅಲ್ಲೇ ಹಾಕಿ.

ಬಿಟ್ಟು ಹೋಗುವವರ ಜೊತೆ ಮಾತಾಡಲು ಅವರ ಮೇಲಧಿಕಾರಿಯನ್ನು ಕಳಿಸಬೇಡಿ. ಬೇರೆಯವರು ಹೋಗಿ ಸಂಬಳ, ಊಟ, ಬೈಗುಳ, ರಜೆ, ಮನೆಯ ತೊಂದರೆ ಎಂದು ಒಂದೊಂದನ್ನೂ ಬಿಡಿಬಿಡಿಯಾಗಿ ಕೇಳಲಿ. ‘ಯಾಕೆ ಬಿಟ್ರಿ?’ ಎಂದು ಒಟ್ಟಾಗಿ ಕೇಳಿದರೆ ‘ಮನೇಲಿ ಕೆಲಸ ಇತ್ತು ಸಾರ್’ ಎಂಬ ಉತ್ತರವೇ ಸಿಗುವುದು.