ತಿಗಣೆ ಔಷಧಿ ಹೊಡೆಸುವ ಮುಂಚೆ: ನಮ್ಮ ಮನೆಯಲ್ಲಿ ಎರಡು ಸಲ ಆದದ್ದು

ನಮ್ಮ ಮನೆಗೆ ತಿಗಣೆ ಬಂದದ್ದು ಒಂದು ಸೆಕೆಂಡ್ ಹ್ಯಾಂಡ್ ದಿವಾನದ ಜೊತೆ ಅಂತ ನನ್ನ ಅನುಮಾನ. ದಿವಾನ ಬಂದು ಎರಡು ತಿಂಗಳಾಗಿತ್ತು. ಮಗಳ ತೋಳಿನ ಮೇಲೆ ಸಾಲಾಗಿ ಮೂರು ನಾಲ್ಕು ಕೆಂಪು ಗುಳ್ಳೆ ಏಳತೊಡಗಿದವು. ಸೊಳ್ಳೆ ಅಂದುಕೊಂಡೆವು. ಪರದೆ ಕಟ್ಟಿದೆವು, ಬತ್ತಿ ಹಚ್ಚಿದೆವು, ಗುಳ್ಳೆ ನಿಲ್ಲಲಿಲ್ಲ. ಒಂದು ರಾತ್ರಿ ಮೂರು ಗಂಟೆಗೆ ಎದ್ದು, ಟಾರ್ಚ್ ಹಿಡಿದು ಹಾಸಿಗೆಯ ಅಂಚಿನ ಹೊಲಿಗೆ ಮಡಚಿ ನೋಡಿದೆ. ಪೆನ್ನಿನ ತುದಿ ಒತ್ತಿದ ಹಾಗೆ ಕಪ್ಪು ಚುಕ್ಕೆಗಳು. ಪಕ್ಕದಲ್ಲೇ ರಕ್ತ ಕುಡಿದು ಊದಿಕೊಂಡ ಒಂದು ತಿಗಣೆ. ಒರೆಸಿದಾಗ ಬಂದ ವಾಸನೆ ನನಗೆ ಚೆನ್ನಾಗಿ ಗೊತ್ತಿತ್ತು. ಚಿಕ್ಕವನಿದ್ದಾಗ ಊರಿನ ಟಾಕೀಸಿನ ಕುರ್ಚಿಯಲ್ಲಿ ಕೂತು ಸಿನಿಮಾ ನೋಡಿದ್ದೆನಲ್ಲ.

ಸಿಟ್ಟಿಗಿಂತ ಮೊದಲು ಬಂದದ್ದು ನಾಚಿಕೆ. ನಾವು ದಿನಾ ಗುಡಿಸಿ ಒರೆಸುವವರು, ನಮ್ಮ ಮನೆಗೆ ತಿಗಣೆಯಾ? ಆಮೇಲೆ ಗೊತ್ತಾಯಿತು, ಅದಕ್ಕೆ ಕಸ ಬೇಕಿಲ್ಲ. ಮಲಗಿದ ಮನುಷ್ಯ ಒಬ್ಬ, ಅವನ ಹತ್ತಿರ ಒಂದು ಸಂದು, ಅಷ್ಟು ಸಾಕು. ಇದು ರೋಗ ಹರಡುತ್ತದೆ ಅನ್ನುವುದಕ್ಕೂ ಆಧಾರವಿಲ್ಲವಂತೆ. ನಿದ್ದೆ ಕೆಡಿಸುತ್ತದೆ, ತುರಿಸುತ್ತದೆ, ಮನೆಗೆ ಯಾರಾದರೂ ಬರುತ್ತೇವೆ ಅಂದರೆ ಎದೆ ಧಸಕ್ ಅನ್ನುತ್ತದೆ.

ಅಮ್ಮನ ಸಲಹೆ ಸಿದ್ಧವಿತ್ತು. "ಸಂದಿಗೆಲ್ಲ ಸೀಮೆಎಣ್ಣೆ ಬಿಡು, ಮಂಚ ಬಿಸಿಲಿಗೆ ಹಾಕಿ ಚೆನ್ನಾಗಿ ಕುಟ್ಟು." ಅವರ ಕಾಲದ ಹಗ್ಗದ ಮಂಚಕ್ಕೆ ಅದು ಸರಿ ಇದ್ದಿರಬಹುದು. ನಮ್ಮದು ಪ್ಲೈವುಡ್ ಡಬ್ಬದ ದಿವಾನ, ತಲೆಯ ಪಕ್ಕದಲ್ಲೇ ಸ್ವಿಚ್‌ಬೋರ್ಡ್. ಅಲ್ಲಿ ಸೀಮೆಎಣ್ಣೆ ಸುರಿಯುವುದು ಅಂದರೆ ಬೆಂಕಿಗೆ ಕೈಯಾರೆ ಆಹ್ವಾನ ಕೊಟ್ಟ ಹಾಗೆ. ಹಾಸಿಗೆ ಮಾತ್ರ ತಾರಸಿಯಲ್ಲಿ ಒಣಗಿಸಿದೆ. ಮೇಲುಭಾಗ ಮುಟ್ಟಲಾಗದಷ್ಟು ಕಾದಿತ್ತು. ತಿರುಗಿಸಿದರೆ ಎಲ್ಲವೂ ಕೆಳಗಿನ ತಂಪಿಗೆ ಇಳಿದು ಆರಾಮಾಗಿ ಕೂತಿದ್ದವು.

ಸರಿ, ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸೋಣ ಅಂತಾಯಿತು. ಫೋನಿನಲ್ಲೇ ಮಾತು, ಫೋನಿನಲ್ಲೇ ರೇಟು. "ರೂಮು ಖಾಲಿ ಮಾಡಿಡಿ ಸರ್" ಅಂದರು. ಅಷ್ಟೇ.

ಯುಗಾದಿ ಹತ್ತಿರ ಬಂದಿತ್ತು. ಹಬ್ಬಕ್ಕೆ ಮನೆ ಖಾಲಿ ಮಾಡುವುದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಸಿಗೆ, ದಿಂಬು, ಪುಸ್ತಕ, ಆಟದ ಸಾಮಾನು ಎಲ್ಲವನ್ನೂ ಎತ್ತಿ ಹಾಲ್‌ಗೆ ತಂದು ರಾಶಿ ಹಾಕಿದೆವು. ರೂಮು ಬಯಲಾಯಿತು. ಬಂದವರು ನೆಲ, ಗೋಡೆ ಅಂಚು, ದಿವಾನದ ಹೊರಮೈಗೆಲ್ಲ ಹೊಡೆದು ಅರ್ಧ ಗಂಟೆಯಲ್ಲಿ ಹೊರಟರು. ಮಾರನೆಯ ದಿನ ವಾಸನೆ ತಡೆಯಲಾರದೆ ನಾನೇ ಫಿನಾಯಿಲ್ ಹಾಕಿ ಮೂಲೆಮೂಲೆ ಉಜ್ಜಿ ಒರೆಸಿದೆ. ಹನ್ನೆರಡನೆಯ ದಿನ ಮಗಳ ಕೈಯಲ್ಲಿ ಮತ್ತೆ ಗುಳ್ಳೆ. ಈ ಸಲ ಹಾಲ್‌ನ ಸೋಫಾದಲ್ಲೂ ಚುಕ್ಕೆ. ಒಂದು ರೂಮಿನಲ್ಲಿದ್ದ ಕಾಟವನ್ನು ನಾನೇ ಹೊತ್ತು ತಂದು ಇಡೀ ಮನೆಗೆ ಹಂಚಿದ್ದೆ. ಹೊಡೆದ ಔಷಧಿಯನ್ನೂ ನಾನೇ ತೊಳೆದು ಹಾಕಿದ್ದೆ.

ಎರಡನೆಯ ಸಲ ಬೇರೆ ಕಡೆಯವರನ್ನು ಕೇಳಿದೆ. ಮೊದಲು ಬಂದು ಮನೆ ನೋಡುತ್ತೇವೆ ಅಂದವರನ್ನೇ ಒಪ್ಪಿಕೊಂಡೆ. ಬಂದ ಹುಡುಗ ರಾಯಚೂರಿನ ಕಡೆಯವನು. ನಾನು ಮಾಡಿದ್ದೆಲ್ಲ ಕೇಳಿಸಿಕೊಂಡು ನಕ್ಕ. "ಸಾಮಾನು ಹೊರಗ ಒಯ್ಯಬ್ಯಾಡ್ರಿ ಸರ. ನೀವ್ ಎಲ್ಲಿಗೆ ಒಯ್ತೀರೋ ಅದೂ ಅಲ್ಲೇ ಬರ್ತದ. ಇದ್ದಲ್ಲೇ ಕಟ್ಟಿಡ್ರಿ, ಇದ್ದಲ್ಲೇ ಬಿಚ್ಚಿಡ್ರಿ." ಮುಂದಿನ ನಾಲ್ಕು ದಿನ ನಾವು ಮಾಡಿದ್ದೆಲ್ಲ ಈ ಮಾತಿನ ಪ್ರಕಾರವೇ.

ಕಟ್ಟುವುದರಿಂದ ಶುರು ಮಾಡಿದೆವು. ಕಸಕ್ಕೆ ಬಳಸುವ ದಪ್ಪನೆಯ ದೊಡ್ಡ ಪ್ಲಾಸ್ಟಿಕ್ ಚೀಲ ಮೂವತ್ತು ತಂದೆ. ರೂಮಿನ ಬಟ್ಟೆಯನ್ನು ರೂಮಿನಲ್ಲೇ ಚೀಲಕ್ಕೆ ತುಂಬಿ ಬಾಯಿ ಬಿಗಿಯಾಗಿ ಕಟ್ಟಿದೆವು. ಚೀಲ ನೇರವಾಗಿ ವಾಷಿಂಗ್ ಮಷಿನ್ ಬಾಯಿಗೆ. ಖಾಲಿ ಚೀಲ ಆ ಕ್ಷಣವೇ ಹೊರಗಿನ ಡಬ್ಬಕ್ಕೆ. ಒಗೆದು ಒಣಗಿದ್ದು ಹೊಸ ಚೀಲಕ್ಕೆ. ಒಗೆಯದ ಚೀಲಕ್ಕೆ ಕೆಂಪು ದಾರ, ಒಗೆದದ್ದಕ್ಕೆ ಬಿಳಿ ದಾರ ಕಟ್ಟುವ ಉಪಾಯ ನನ್ನ ಹೆಂಡತಿಯದು. ಅದಿಲ್ಲದಿದ್ದರೆ ಎರಡನೆಯ ದಿನಕ್ಕೇ ಎಲ್ಲ ಕಲಸುಮೇಲೋಗರ ಆಗುತ್ತಿತ್ತು.

ತಣ್ಣೀರಿನಲ್ಲಿ ಒಗೆದರೆ ಪ್ರಯೋಜನ ಕಡಿಮೆ. ತಿಗಣೆ ಮತ್ತು ಮೊಟ್ಟೆ ಸಾಯುವುದು ಬಿಸಿಗೆ. ಐವತ್ತು ಡಿಗ್ರಿ ದಾಟಿದರೆ ಅವು ಉಳಿಯುವುದಿಲ್ಲ, ಆದರೆ ಆ ಬಿಸಿ ಬಟ್ಟೆಯ ಒಳಪದರಕ್ಕೂ ತಲುಪಬೇಕು. ಹಾಗಾಗಿ ಮಷಿನ್‌ನಲ್ಲಿ 60 ಡಿಗ್ರಿಗೆ ಇಟ್ಟೆವು. ಒಂದೊಂದು ಲೋಡಿಗೆ ಎರಡು ಗಂಟೆಯ ಮೇಲೆ. ನಮ್ಮ ರಸ್ತೆಗೆ ಕಾವೇರಿ ನೀರು ಬರುವುದು ದಿನ ಬಿಟ್ಟು ದಿನ. ಮೊದಲ ದಿನ ಸಂಪು ತಳ ಕಂಡು, ಓನರ್ ಮೇಲಿಂದ ಬಗ್ಗಿ "ಏನ್ರೀ, ಮದುವೆ ಮನೆ ಬಟ್ಟೆ ಒಗೀತಿದ್ದೀರಾ?" ಅಂತ ಕೇಳಿದರು. ಆಗ ಅವರಿಗೂ ವಿಷಯ ಹೇಳಲೇಬೇಕಾಯಿತು. ನೀವು ಮಾಡುವುದಾದರೆ ನೀರು ಬರುವ ದಿನ ನೋಡಿಕೊಂಡೇ ಔಷಧಿಯವರಿಗೆ ತಾರೀಖು ಕೊಡಿ.

ಬಿಸಿನೀರಿಗೆ ಹಾಕಲಾಗದ್ದು ಸಾಕಷ್ಟಿತ್ತು. ರೇಷ್ಮೆ ಸೀರೆಗಳನ್ನು ಒಂದೊಂದಾಗಿ ಬಿಳಿ ಪಂಚೆಯ ಮೇಲೆ ಬಿಡಿಸಿ, ಟಾರ್ಚ್ ಬಿಟ್ಟು ಮಡಿಕೆ ಮಡಿಕೆ ನೋಡಿ ಚೀಲಕ್ಕೆ ಹಾಕಿ ಮುಚ್ಚಿದೆವು. ಬೀರು ಮಂಚದಿಂದ ದೂರವಿತ್ತು, ಒಂದರಲ್ಲೂ ಏನೂ ಸಿಗಲಿಲ್ಲ. ಮಗಳ ಕರಡಿ ಗೊಂಬೆ ಮಾತ್ರ ಅವಳ ದಿಂಬಿನ ಪಕ್ಕವೇ ಮಲಗುತ್ತಿದ್ದದ್ದು. ಅದನ್ನು ಕವರಿನಲ್ಲಿ ಸುತ್ತಿ ಫ್ರೀಜರ್‌ಗೆ ಹಾಕಿದೆವು. ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇಡಬೇಕು. ಬಟಾಣಿ ಪ್ಯಾಕೆಟ್ ಪಕ್ಕ ಕೂತ ಕರಡಿಗೆ ಚಳಿಯಾಗುತ್ತದೆ ಅಂತ ಅವಳು ಎರಡು ಸಲ ಬಾಗಿಲು ತೆಗೆದು ನೋಡಿ ಬಂದಳು. ಬಾಗಿಲು ತೆಗೆದಷ್ಟೂ ಚಳಿ ಕಮ್ಮಿಯಾಗುತ್ತದಲ್ಲ, ಸುಮ್ನೆ ಇನ್ನೊಂದು ದಿನ ಜಾಸ್ತಿ ಇಟ್ಟೆವು.

ಅಜ್ಜಿ ಹೊಲಿದ ಕೌದಿಯದ್ದೇ ದೊಡ್ಡ ಸಂಕಟ. ಆರೇಳು ಪದರ ಹಳೆ ಸೀರೆ, ಒಂದು ಬೆರಳು ಅಗಲಕ್ಕೆ ಒಂದು ಹೊಲಿಗೆ. ತಿಗಣೆಗೆ ಅಪಾರ್ಟ್‌ಮೆಂಟ್ ಕಟ್ಟಿಕೊಟ್ಟ ಹಾಗೆ. ಬಿಸಾಡು ಅಂದರೆ ಅಮ್ಮ ಮಾತು ಬಿಡುತ್ತಿದ್ದರು. ಮಷಿನ್‌ಗೆ ಅದು ಹಿಡಿಸಲಿಲ್ಲ. ಕೊನೆಗೆ ಹಂಡೆಯಲ್ಲಿ ನೀರು ಕುದಿಸಿ, ಅದರಲ್ಲೇ ಮುಳುಗಿಸಿ ಒಂದು ಗಂಟೆ ಬಿಟ್ಟೆ. ಬಣ್ಣ ಸ್ವಲ್ಪ ಬಿಟ್ಟಿತು, ಕೌದಿ ಉಳಿಯಿತು. ಅಮ್ಮನ ಹಳೆ ಹತ್ತಿ ಹಾಸಿಗೆಯನ್ನು ಉಳಿಸಲಾಗಲಿಲ್ಲ. ಅದನ್ನು ಸುಮ್ಮನೆ ಬೀದಿಗೆ ಇಟ್ಟರೆ ಯಾರೋ ಪಾಪದವರು ಒಯ್ದು ಮಲಗುತ್ತಾರೆ. ಬ್ಲೇಡಿನಲ್ಲಿ ಅಡ್ಡಡ್ಡ ಸೀಳಿ, ಪ್ಲಾಸ್ಟಿಕ್ ಸುತ್ತಿ, ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ "ತಿಗಣೆ ಇದೆ, ಮುಟ್ಟಬೇಡಿ" ಅಂತ ಬರೆದೆ. ಗುಜರಿಯವರಿಗೂ ಕೊಡಲಿಲ್ಲ. ನಮಗೆ ದಿವಾನ ಮಾರಿದವರು ಇಷ್ಟು ಮಾಡಿದ್ದರೆ ನಾನು ಇದನ್ನೆಲ್ಲ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಇನ್ನು ಬಿಚ್ಚುವ ಕೆಲಸ. ದಿವಾನದ ಹಲಗೆ, ಕಾಲು, ಡ್ರಾಯರ್ ಎಲ್ಲ ಸ್ಕ್ರೂಡ್ರೈವರ್ ಹಿಡಿದು ಬಿಚ್ಚಿ ರೂಮಿನಲ್ಲೇ ಗೋಡೆಗೆ ಒರಗಿಸಿದೆ. ಸ್ಕ್ರೂ ತೆಗೆದ ತೂತಿನಲ್ಲಿ ಬಿಳಿ ಮೊಟ್ಟೆಗಳು ಅಂಟಿಕೊಂಡಿದ್ದವು. ಒಂದೊಂದೂ ಒಂದು ಮಿಲಿಮೀಟರಿನಷ್ಟು, ರವೆ ಕಾಳಿಗಿಂತ ಬೇರೆಯಾಗಿ ಕಾಣುವುದಿಲ್ಲ. ಮೊದಲ ಸಲ ಔಷಧಿ ಬರೀ ಹೊರಮೈಗೆ ಹೊಡೆದಾಗ ಇವೆಲ್ಲ ಒಳಗೆ ಹಾಯಾಗಿದ್ದವು. ಸೋಫಾ ಮಗುಚಿ, ಕೆಳಗಿನ ಕಪ್ಪು ಬಟ್ಟೆ ಕಿತ್ತೆ. ಕ್ಯಾಲೆಂಡರ್, ಗಡಿಯಾರ, ಫೋಟೋ ಇಳಿಸಿದೆ. ದಿವಾನದ ಮೇಲಿದ್ದ ವೆಂಕಟರಮಣನ ಫೋಟೋ ಹಿಂದಿನ ರಟ್ಟಿನಲ್ಲಿ ನಾಲ್ಕು ಇದ್ದವು. ಅಮ್ಮನಿಗೆ ಹೇಳಲಿಲ್ಲ. ಕಿಟಕಿ ಪರದೆಯ ಮೇಲಿನ ಮಡಿಕೆ, ಬಾಗಿಲ ಚೌಕಟ್ಟಿನ ಬಿರುಕು, ಗೋಡೆಯ ಮೊಳೆ ತೂತು ಎಲ್ಲವನ್ನೂ ನೋಡಿದೆ. ಎಟಿಎಂ ಕಾರ್ಡು ನುಸುಳುವಷ್ಟು ಸಂದು ಇದ್ದರೆ ತಿಗಣೆಗೂ ಅಲ್ಲಿ ಜಾಗ ಇದೆ. ಸಾಮಾನು ಗೋಡೆಯಿಂದ ಎರಡು ಅಡಿ ಮುಂದೆ ಎಳೆದಿಟ್ಟೆ. ಸ್ವಿಚ್‌ಬೋರ್ಡ್ ನಾನು ಮುಟ್ಟಲಿಲ್ಲ. ಆ ಹುಡುಗನೇ ಮೇನ್ ಆಫ್ ಮಾಡಿಸಿ ಪ್ಲೇಟ್ ಬಿಚ್ಚಿ, ಒಳಗೆ ನೀರಿನ ಔಷಧಿ ಹೊಡೆಯದೆ ಪುಡಿ ಊದಿದ.

ವೈರಿನ ಪೈಪಿನಲ್ಲಿ ಅವು ಪಕ್ಕದ ಮನೆಗೂ ಹೋಗಬಲ್ಲವು ಅಂತ ಅವನೇ ಹೇಳಿದ್ದ. ಧೈರ್ಯ ಮಾಡಿ ಕೆಳಗಿನ ಮನೆಯ ಆಂಟಿಗೆ ಹೇಳಿದೆ. ಅವರು ಒಂದು ನಿಮಿಷ ಸುಮ್ಮನಿದ್ದು, "ಅಯ್ಯೋ, ನಮಗೂ ಇದೆ ಕಣಪ್ಪಾ, ಹೇಳೋಕೆ ನಾಚ್ಕೊಂಡು ಸುಮ್ನಿದ್ವಿ" ಅಂದರು. ಎರಡೂ ಮನೆಗೆ ಒಂದೇ ದಿನ ಹೊಡೆಸಿದೆವು.

ಅಮ್ಮನಿಗೆ ಉಬ್ಬಸ ಇದೆ. ಎರಡು ದಿನ ಅಕ್ಕನ ಮನೆಗೆ ಕಳಿಸಿದೆವು. ಬಿಳಿ ದಾರದ ಚೀಲದ ಬಟ್ಟೆ ಮಾತ್ರ ಕೊಟ್ಟು, ಅಕ್ಕನಿಗೂ ವಿಷಯ ತಿಳಿಸಿಯೇ. ಮಗಳ ಮೀನಿನ ಬೋಗುಣಿ ಮೇಲಿನ ಮನೆಗೆ ಹೋಯಿತು. ಇಲ್ಲಿ ಹೊಡೆಯುವ ಔಷಧಿಗಳಲ್ಲಿ ಹಲವು ಮೀನಿಗೆ ತೀರಾ ವಿಷ. ಅಡುಗೆಮನೆಯ ಪಾತ್ರೆಪಗಡಕ್ಕೆ ಹಳೆ ಬೆಡ್‌ಶೀಟ್ ಹೊದಿಸಿದೆವು, ಕುಡಿಯುವ ನೀರು ಮುಚ್ಚಿಟ್ಟೆವು. ಅಡುಗೆಮನೆಯ ಜಿರಲೆಗೆ ಅಂತ ಆ ಹುಡುಗ ಸಿಂಕಿನ ಕೆಳಗೆ ವಿಷದ ಜೆಲ್ ಚುಕ್ಕೆ ಇಟ್ಟ. ಅದರ ಹತ್ತಿರ ಸ್ಪ್ರೇ ಹೊಡೆದರೆ ಜಿರಲೆ ಜೆಲ್ ಮುಟ್ಟುವುದಿಲ್ಲ, ಅಷ್ಟು ನೆನಪಿಟ್ಟುಕೊಂಡರೆ ಸಾಕು.

ಬಾಟಲಿ ತೋರಿಸಿ ಅಂತ ಕೇಳುವುದಕ್ಕೆ ನನಗೆ ಮೊದಲ ಸಲ ಸಂಕೋಚ ಇತ್ತು. ಈ ಸಲ ಕೇಳಿದೆ. ನಮ್ಮ ದೇಶದಲ್ಲಿ ಮಾರುವ ಕೀಟನಾಶಕದ ಲೇಬಲ್ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಎಲ್ಲಕ್ಕಿಂತ ಕಡಿಮೆ ಅಂದರೆ ಹಸಿರು. ಅವನದು ನೀಲಿ ಇತ್ತು. ಹೆಸರು ಬರೆದುಕೊಂಡು ಲೇಬಲ್‌ನ ಫೋಟೋ ತೆಗೆದಿಟ್ಟೆ. ಯಾರಿಗಾದರೂ ಹೆಚ್ಚುಕಮ್ಮಿ ಆದರೆ ಡಾಕ್ಟರಿಗೆ ತೋರಿಸಲು ಬೇಕಲ್ವಾ? ಕೀಟನಾಶಕ ಹೊಡೆಯುವ ವ್ಯವಹಾರಕ್ಕೆ 1968ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು, ಅದನ್ನೂ ಕೇಳಿ.

ಹೊಡೆದ ಮೇಲೆ ನಾಲ್ಕು ಗಂಟೆ ಹೊರಗಿದ್ದೆವು. ವಾಪಸ್ ಬಂದು ಕಿಟಕಿ ತೆಗೆದು ಫ್ಯಾನ್ ಹಾಕಿದೆವು. ಒಣಗಿದ ಮೇಲೆ ಓಡಾಡುವ ಜಾಗ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಗೋಡೆ ಅಂಚನ್ನು ಎರಡು ವಾರ ಮುಟ್ಟಲಿಲ್ಲ. ಕಷ್ಟವಾದದ್ದು ಇದಲ್ಲ, ಅದೇ ರೂಮಿನಲ್ಲಿ ಅದೇ ದಿವಾನದ ಮೇಲೆ ಮಲಗಬೇಕಾದದ್ದು. ಹಾಲ್‌ಗೆ ಹೋಗಿ ಮಲಗಿದರೆ ನಮ್ಮ ಉಸಿರಿನ ಜಾಡು ಹಿಡಿದು ಅವೂ ಬರುತ್ತವೆ. ರೂಮಿನಲ್ಲೇ ಇದ್ದರೆ ನಮ್ಮ ಹತ್ತಿರ ಬರುವ ದಾರಿಯಲ್ಲಿ ಔಷಧಿ ತುಳಿಯುತ್ತವೆ. ನಾವೇ ಎರೆ. ಮಗಳನ್ನು ಅಜ್ಜಿಯ ಜೊತೆ ಅಕ್ಕನ ಮನೆಯಲ್ಲೇ ಬಿಡೋಣ ಅಂತ ಆಸೆಯಿತ್ತು, ಸ್ಕೂಲ್ ಪರೀಕ್ಷೆ ಬಿಡಲಿಲ್ಲ.

ಹಾಸಿಗೆಗೆ ಜಿಪ್ ಇರುವ ಪೂರ್ತಿ ಕವರ್ ಹಾಕಿದೆವು. ದಿವಾನದ ಕಾಲು ಒಂದೊಂದನ್ನೂ ನುಣುಪಾದ ಪ್ಲಾಸ್ಟಿಕ್ ಬಟ್ಟಲಲ್ಲಿ ಇಟ್ಟು, ಬಟ್ಟಲಿನ ಒಳಗೋಡೆಗೆ ಮುಖದ ಪೌಡರ್ ತೆಳ್ಳಗೆ ಸವರಿದೆ. ಬಿದ್ದ ತಿಗಣೆ ಜಾರುತ್ತದೆ, ಹತ್ತಲಾರದು. ಹಿಂದೆ ಇರುವೆಗೆ ಅಂತ ಕಪಾಟಿನ ಕಾಲಿಗೆ ನೀರಿನ ಬಟ್ಟಲು ಇಡುತ್ತಿದ್ದರಲ್ಲ, ಅದೇ ಲೆಕ್ಕ. ದಿನಾ ಬೆಳಿಗ್ಗೆ ಬಟ್ಟಲು ನೋಡಿ ಕ್ಯಾಲೆಂಡರ್ ಮೇಲೆ ಎಣಿಕೆ ಬರೆದೆ. ಮೊದಲ ವಾರ ಹನ್ನೊಂದು. ಒಂಬತ್ತನೆಯ ದಿನ ಎರಡು ತೀರಾ ಚಿಕ್ಕವು, ಬಿಳಿಚಿಕೊಂಡಂಥವು. ನನಗೆ ಅಳುವೇ ಬಂತು. ಹುಡುಗನಿಗೆ ಫೋನ್ ಮಾಡಿದರೆ, "ಅವು ಮರಿ ಸರ, ತತ್ತಿಗೆ ಔಷಧ ಸರಿಯಾಗಿ ತಾಕೂದಿಲ್ಲ, ಅದಕ್ಕ ಎರಡನೇ ಸಲ ಬರೂದು" ಅಂದ. ಮೊಟ್ಟೆ ಒಡೆಯಲು ವಾರ, ಹತ್ತು ದಿನ ಬೇಕು. ಹೊರಬಂದ ಮರಿ ದೊಡ್ಡದಾಗಿ ಮತ್ತೆ ಮೊಟ್ಟೆ ಇಡುವ ಮೊದಲೇ ಎರಡನೆಯ ಸುತ್ತು ಆಗಬೇಕು. ಹದಿನಾಲ್ಕನೆಯ ದಿನ ಬಂದ. ಅದಕ್ಕೂ ಮತ್ತೆ ಎಲ್ಲ ಬಿಚ್ಚಿಟ್ಟೆ. ಈ ಸಲ ಅರ್ಧ ದಿನದಲ್ಲೇ ಮುಗಿಯಿತು.

ಆಮೇಲಿನ ಮೂರನೆಯ ವಾರದಿಂದ ಕ್ಯಾಲೆಂಡರ್ ಮೇಲೆ ಬರೀ ಸೊನ್ನೆ. ಆದರೂ ಎರಡು ತಿಂಗಳು ಚೀಲಗಳಿಂದಲೇ ಬಟ್ಟೆ ತೆಗೆದು ಹಾಕಿಕೊಂಡೆವು. ಆಫೀಸಿಗೆ ಹೋಗುವ ಅವಸರದಲ್ಲಿ ಯಾವ ಚೀಲದಲ್ಲಿ ಸಾಕ್ಸ್ ಇದೆ ಅಂತ ಹುಡುಕುವುದು ಬೇರೆಯದೇ ಹಿಂಸೆ.

ದಿವಾನ ಈಗ ತಿರುಗಿ ಮಲಗಿದಾಗೆಲ್ಲ ಕಿರ್ ಅನ್ನುತ್ತದೆ. ಎರಡನೆಯ ಸಲ ಜೋಡಿಸುವಾಗ ಎರಡು ಸ್ಕ್ರೂ ಉಳಿದುಬಿಟ್ಟವು. ಎಲ್ಲಿಯವು ಅಂತ ಇವತ್ತಿನವರೆಗೂ ಪತ್ತೆಯಾಗಿಲ್ಲ.