ಸೋರ್ಸ್‌ನಿಂದ ಕಂಪೈಲ್ ಆಗದಿದ್ದರೆ ಮೊದಲ ಎರರ್ ಹಿಡಿಯಿರಿ

ಸೋರ್ಸ್ ಕೋಡ್‌ನಿಂದ ಪ್ರೋಗ್ರಾಂ ಕಟ್ಟುವ ‘ಮೇಕ್’ ಕಮಾಂಡ್ ಕೊಟ್ಟ ಮೇಲೆ ಪರದೆ ತುಂಬ ಸಾಲು ಹರಿದು, ಕೊನೆಗೆ ‘ಎರರ್ 2’ ಎಂದು ನಿಂತರೆ ಬಹಳ ಜನ ಆ ಕೊನೆಯ ಸಾಲನ್ನೇ ಗೂಗಲ್‌ಗೆ ಹಾಕುತ್ತಾರೆ. ಪ್ರಯೋಜನವಿಲ್ಲ. ಎಲ್ಲೋ ಒಂದು ಕೆಲಸ ಕೆಟ್ಟಿದೆ ಎಂಬುದಷ್ಟೇ ಅದರ ಅರ್ಥ. ಏನು ಕೆಟ್ಟಿತು ಎಂಬುದು ಎಷ್ಟೋ ಸಾಲು ಮೇಲಿರುತ್ತದೆ. (ಇಲ್ಲಿನ ವಿವರ ಉಬುಂಟು ಮತ್ತು ಡೆಬಿಯನ್‌ಗೆ.)

ಮೊದಲು ‘ಮೇಕ್ -ಜೆ1’ ಎಂದು ಮತ್ತೆ ಓಡಿಸಿ. ಒಟ್ಟಿಗೆ ಎಂಟು ಫೈಲ್ ಕಂಪೈಲ್ ಆಗುತ್ತಿದ್ದರೆ ಎಂಟರ ಸಂದೇಶವೂ ಕಲಸಿಹೋಗುತ್ತದೆ. ಒಂದೊಂದೇ ಆದರೆ ಕೆಟ್ಟ ಜಾಗದಲ್ಲೇ ನಿಲ್ಲುತ್ತದೆ. ಕಮಾಂಡ್‌ನ ಕೊನೆಗೆ 2>&1 ಸೇರಿಸಿ, ‘ಟೀ’ ಮೂಲಕ ಎಲ್ಲವನ್ನೂ ಒಂದು ಲಾಗ್ ಫೈಲ್‌ಗೆ ಇಳಿಸಿ. ಅದನ್ನು ಬಿಟ್ಟು ಬರೀ ಪೈಪ್ ಹಾಕಿದರೆ ಬೇಕಾದ ಎರರ್ ಸಾಲುಗಳೇ ಫೈಲ್‌ಗೆ ಬೀಳುವುದಿಲ್ಲ. ಆಮೇಲೆ ‘ಎರರ್’ ಪದವನ್ನು ಕೋಲನ್ ಸಮೇತ ಆ ಫೈಲ್‌ನಲ್ಲಿ ಗ್ರೆಪ್ ಮಾಡಿ (ಹುಡುಕಿ). ಮೊದಲು ಸಿಕ್ಕಿದ್ದೇ ನಿಮ್ಮ ಸಾಲು, ಉಳಿದವು ಬಹುಪಾಲು ಅದರ ಮರಿಗಳು.

ಅತಿ ಹೆಚ್ಚು ಕಾಣುವುದು ‘ಓಪನ್‌ಎಸ್‌ಎಸ್‌ಎಲ್/ಎಸ್‌ಎಸ್‌ಎಲ್.ಎಚ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂಬ ಜಾತಿಯದು. ಓಪನ್‌ಎಸ್‌ಎಸ್‌ಎಲ್ ಇನ್‌ಸ್ಟಾಲ್ ಆಗಿಯೇ ಇದೆಯಲ್ಲ ಎನ್ನಬೇಡಿ. ಡೆಬಿಯನ್ ಒಂದೇ ಲೈಬ್ರರಿಯನ್ನು ಎರಡು ಪ್ಯಾಕೇಜ್ ಮಾಡುತ್ತದೆ: ಪ್ರೋಗ್ರಾಂ ಓಡಲು ಬೇಕಾದದ್ದು ಒಂದು, ಕಂಪೈಲ್ ಮಾಡಲು ಬೇಕಾದ ಹೆಡರ್ ಫೈಲ್‌ಗಳದ್ದು ಇನ್ನೊಂದು. ಎರಡನೆಯದರ ಹೆಸರು ‘-ಡೆವ್’ ಎಂದು ಮುಗಿಯುತ್ತದೆ, ಫೆಡೋರಾದಲ್ಲಿ ‘-ಡೆವೆಲ್’. ಇಲ್ಲಿ ಬೇಕಾದದ್ದು ಲಿಬ್‌ಎಸ್‌ಎಸ್‌ಎಲ್-ಡೆವ್. ಹೆಸರು ಗೊತ್ತಿಲ್ಲದಿದ್ದರೆ ‘ಆಪ್ಟ್-ಫೈಲ್’ ಹಾಕಿಕೊಂಡು, ಒಮ್ಮೆ ಅದರ ಅಪ್‌ಡೇಟ್ ಓಡಿಸಿ, ಹೆಡರ್ ಫೈಲ್ ಹೆಸರು ಕೊಟ್ಟು ಸರ್ಚ್ ಮಾಡಿ. ಡೆಬಿಯನ್ ಭಂಡಾರದಲ್ಲೂ ಇರುವ ಸಾಫ್ಟ್‌ವೇರ್ ಆದರೆ ‘ಆಪ್ಟ್ ಬಿಲ್ಡ್-ಡೆಪ್’ ಅದಕ್ಕೆ ಬೇಕಾದ್ದನ್ನೆಲ್ಲ ಒಂದೇ ಏಟಿಗೆ ತರುತ್ತದೆ. ಮೂಲಗಳ ಪಟ್ಟಿಯಲ್ಲಿ ‘ಡೆಬ್-ಎಸ್‌ಆರ್‌ಸಿ’ ಸೇರಿಸಿರಬೇಕು, ಅಷ್ಟೆ.

ಪ್ಯಾಕೇಜ್ ಹಾಕಿ ನೇರ ‘ಮೇಕ್’ ಕೊಟ್ಟರೆ ಸಾಲದು. ಹಿಂದಿನ ಸಲ ಕಾನ್ಫಿಗರ್ (ಬೇಕಾದ್ದೆಲ್ಲ ಇದೆಯೇ ಎಂದು ನೋಡುವ ಸ್ಕ್ರಿಪ್ಟ್) ‘ಇಲ್ಲ’ ಎಂದು ಬರೆದುಕೊಂಡದ್ದು ಮೇಕ್‌ಫೈಲ್‌ನಲ್ಲಿ ಹಾಗೇ ಇರುತ್ತದೆ. ‘ಮೇಕ್ ಡಿಸ್ಟ್‌ಕ್ಲೀನ್’ ಮಾಡಿ ಕಾನ್ಫಿಗರ್ ಮತ್ತೆ ಓಡಿಸಿ. ಕಾನ್ಫಿಗರ್ ಬದಲು ಸಿಮೇಕ್ ಬಳಸುವ ಸಾಫ್ಟ್‌ವೇರ್ ಆದರೆ ಬಿಲ್ಡ್ ಫೋಲ್ಡರನ್ನೇ ಅಳಿಸಿ.

ಪೈಥಾನನ್ನೇ ಸೋರ್ಸ್‌ನಿಂದ ಕಟ್ಟುವಾಗ ಅದು ಇನ್ನೊಂದು ಥರ ಕೈಕೊಡುತ್ತದೆ. ಲಿಬ್‌ಎಫ್‌ಎಫ್‌ಐ-ಡೆವ್ ಇಲ್ಲದಿದ್ದರೂ ಬಿಲ್ಡ್ ಸಲೀಸಾಗಿ ಮುಗಿಯುತ್ತದೆ. ಸಿಟೈಪ್ಸ್ ಮಾಡ್ಯೂಲ್ ಇಲ್ಲವೆಂದು ಗೊತ್ತಾಗುವುದು ಆಮೇಲೆ, ಅದನ್ನು ಇಂಪೋರ್ಟ್ ಮಾಡುವಾಗ. ಮೇಕ್ ಮುಗಿಯುವಾಗ ಕಟ್ಟಲಾಗದ ಮಾಡ್ಯೂಲ್‌ಗಳ ಪಟ್ಟಿ ಬರುತ್ತದೆ. ಇನ್‌ಸ್ಟಾಲ್‌ಗೆ ಮುಂಚೆ ಅದನ್ನು ಓದಿ.

ಹಳೆಯ ಸೋರ್ಸ್‌ಗೆ ಹೊಸ ಕಂಪೈಲರ್ ಒಗ್ಗದಿರುವುದೂ ಉಂಟು. ‘ಮಲ್ಟಿಪಲ್ ಡೆಫಿನಿಷನ್’ ಎಂದು ಲಿಂಕರ್ (ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಪ್ರೋಗ್ರಾಂ) ದೂರಿದರೆ ಜಿಸಿಸಿ ಕಂಪೈಲರ್‌ನ 10ನೇ ಆವೃತ್ತಿಯನ್ನು ನೆನಪಿಸಿಕೊಳ್ಳಿ: 2020ರ ಆ ಆವೃತ್ತಿಯಿಂದ ಒಂದೇ ಗ್ಲೋಬಲ್ ವೇರಿಯಬಲ್ ಎರಡು ಫೈಲ್‌ಗಳಲ್ಲಿ ಡಿಫೈನ್ ಆಗಿದ್ದರೆ ಒಪ್ಪುವುದಿಲ್ಲ. ಸಿಫ್ಲ್ಯಾಗ್ಸ್‌ಗೆ (ಸಿ ಕಂಪೈಲರ್‌ಗೆ ಕೊಡುವ ಆಯ್ಕೆಗಳ ಪಟ್ಟಿ) ‘-ಎಫ್‌ಕಾಮನ್’ ಸೇರಿಸಿದರೆ ಒಪ್ಪುತ್ತದೆ. 2024ರ ಜಿಸಿಸಿ 14, ಘೋಷಿಸದ ಫಂಕ್ಷನ್ ಕರೆಯುವುದನ್ನು ಬರೀ ವಾರ್ನಿಂಗ್ ಮಟ್ಟದಿಂದ ಎರರ್‌ಗೆ ಏರಿಸಿತು. ಇದಕ್ಕೆ ಫ್ಲ್ಯಾಗ್ ಹಾಕಿ ಬಾಯಿ ಮುಚ್ಚಿಸುವ ಬದಲು ಬಿಟ್ಟುಹೋದ ಹೆಡರ್ ಸೇರಿಸುವುದೇ ಸರಿ. ಹಲವು ಸಲ ಒಂದು ಇನ್‌ಕ್ಲೂಡ್ ಸಾಲಷ್ಟೇ.

‘ಕಿಲ್ಡ್’ ಎಂಬ ಪದ ಕಂಡರೆ ಕೋಡ್ ತಡಕಬೇಡಿ. ದೊಡ್ಡ ಸಿ++ ಫೈಲ್‌ಗಳು ರ‍್ಯಾಮ್ ನುಂಗಿದಾಗ ಕರ್ನಲ್ಲೇ ಕಂಪೈಲರನ್ನು ಕೊಲ್ಲುತ್ತದೆ, ‘ಡಿಮೆಸೇಜ್’ (dmesg) ಕಮಾಂಡ್‌ನಲ್ಲಿ ಅದರ ಗುರುತು ಸಿಗುತ್ತದೆ. -ಜೆ8 ಇದ್ದದ್ದನ್ನು -ಜೆ2ಕ್ಕೆ ಇಳಿಸಿ, ಆಗಲೂ ಆಗದಿದ್ದರೆ ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಹೆಚ್ಚಿಸಿ.